ಮನೆಯಲ್ಲೇ ವಚನ ರೆಕಾರ್ಡಿಂಗ್: ರೀಪರ್, ಎಫ್‌ಎಲ್, ಆಡಾಸಿಟಿ, ಯಾವುದು ಹಿಡಿಯೋದು?

ವಿದ್ಯಾನಗರ_ಸ್ವರ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಮನೆಯಲ್ಲೇ ಹತ್ತು ವಚನಗಳನ್ನು ರೆಕಾರ್ಡ್ ಮಾಡಬೇಕಿದೆ. ಒಬ್ಬರು ಮುಖ್ಯ ಗಾಯಕಿ, ಹಿಮ್ಮೇಳಕ್ಕೆ ಇಬ್ಬರು, ಹಾರ್ಮೋನಿಯಂ, ತಬಲಾ, ತಾಳ, ಎಲೆಕ್ಟ್ರಾನಿಕ್ ತಂಬೂರಿ. ಕೈಯಲ್ಲಿರುವುದು 8 ಜಿಬಿ ರ‍್ಯಾಮ್‌ನ ವಿಂಡೋಸ್ 11 ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಸಾಧನ), ಒಂದು ಕಂಡೆನ್ಸರ್ ಮೈಕ್, ಒಂದು ಡೈನಮಿಕ್ ಮೈಕ್. ಸಾಫ್ಟ್‌ವೇರಿಗೆ ಆರು ಸಾವಿರದ ತನಕ ಹಾಕಬಹುದು. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ: ಎಫ್‌ಎಲ್ ಸ್ಟುಡಿಯೋ, ಕ್ಯೂಬೇಸ್, ರೀಪರ್, ಆಡಾಸಿಟಿ. ಇಂಟರ್‌ಫೇಸ್ ಜೊತೆ ಏಬಲ್ಟನ್ ಲೈವ್ ಲೈಟ್ ಕೂಡ ಬಂದಿದೆ. ನಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ, ಯಾಕೆ ಅಂತ ಬಿಡಿಸಿ ಹೇಳಿ.

ಕೌದಿ_ಸ್ಟುಡಿಯೋ

ಮೇಡಂ, ಮೊದಲು ಕೆಲಸ ನೋಡ್ರಿ, ಆಮೇಲೆ ಸಾಫ್ಟ್‌ವೇರ್. ನಿಮ್ಮ ಪಟ್ಟಿಯಲ್ಲಿ ಕಂಪ್ಯೂಟರ್ ಒಳಗೆ ಹುಟ್ಟುವ ಶಬ್ದ ಒಂದೂ ಇಲ್ಲ. ಎಲ್ಲವೂ ಮೈಕ್ ಮುಂದೆ ಹುಟ್ಟುವಂಥವು. ಹಾಗಾಗಿ ಎಷ್ಟು ಸಿಂಥ್ ಇದೆ, ಎಷ್ಟು ಲೂಪ್ ಕೊಡುತ್ತಾರೆ ಅನ್ನೋದು ನಿಮಗೆ ಲೆಕ್ಕಕ್ಕೇ ಬರಲ್ಲ. ನೋಡಬೇಕಾದ್ದು ಮೂರೇ. ಒಂದೇ ಸಾಲನ್ನು ಐದು ಸಲ ಹಾಡಿಸಿ ಒಳ್ಳೆ ತುಂಡು ಆರಿಸಿ ಜೋಡಿಸೋದು ಸುಲಭವಾ? ತಾಳವಿಲ್ಲದ ಆಲಾಪವನ್ನು ಕ್ಲಿಕ್‌ಗೆ (ಲಯಕ್ಕಾಗಿ ಸಾಫ್ಟ್‌ವೇರ್ ಹೊಡೆಯುವ ಟಿಕ್ ಟಿಕ್) ಕಟ್ಟಿಹಾಕದೆ ಇರುತ್ತಾ? 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಉಸಿರು ಕಟ್ಟದೆ ಓಡುತ್ತಾ?

ಈ ಮೂರಕ್ಕೂ ನನ್ನ ಉತ್ತರ ರೀಪರ್. 60 ದಿನ ಯಾವ ಭಾಗವನ್ನೂ ಮುಚ್ಚಿಡದೆ ಪೂರ್ತಿ ಬಳಸಲು ಕೊಡುತ್ತಾರೆ. ಲೈಸೆನ್ಸ್ 60 ಡಾಲರ್, ಅಂದರೆ ನಿಮ್ಮ ಆರು ಸಾವಿರದ ಒಳಗೇ ಬರುತ್ತೆ. ಸಂಗೀತದಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಹೆಚ್ಚು ವಹಿವಾಟು ಇದ್ದವರಿಗೆ ಮಾತ್ರ 225 ಡಾಲರ್‌ನ ಲೈಸೆನ್ಸ್ ಬೇಕು. ಸೌಲಭ್ಯ ಎರಡರಲ್ಲೂ ಒಂದೇ.

ಉಳಿದವು ನಿಮಗೆ ಯಾಕೆ ಬೇಡ ಅಂತ ಬೇಗ ಹೇಳಿಬಿಡ್ತೀನಿ. ಪ್ರೊ ಟೂಲ್ಸ್ ಇಂಟ್ರೋ ಪುಕ್ಕಟೆ, ಆದರೆ ಆಡಿಯೋ ಟ್ರ್ಯಾಕ್ 8ಕ್ಕೆ ನಿಲ್ಲುತ್ತೆ. ಮುಖ್ಯ ದನಿ, ಹಿಮ್ಮೇಳ ಎರಡು ಸಲ, ಹಾರ್ಮೋನಿಯಂ, ತಬಲಾ ಎರಡು, ತಾಳ, ತಂಬೂರಿ ಅಂತ ಎಣಿಸಿದರೆ ಎಂಟು ಅಲ್ಲೇ ತುಂಬಿತು, ಉಳಿದವರಿಗೆ ದಾರಿ ತೋರಿಸಲು ಮೊದಲೇ ಹಾಡಿಡುವ ಗೈಡ್ ಟ್ರ್ಯಾಕ್‌ಗೂ ಜಾಗ ಇಲ್ಲ. ಲೈವ್ ಲೈಟ್‌ಗೂ ಟ್ರ್ಯಾಕ್ ಮಿತಿ ಇದೆ. ಅದರ ಜೊತೆ ಹೊರಗಿನಿಂದ ಉದ್ದದ ಆಡಿಯೋ ತಂದು ಹಾಕಿದ ಕೂಡಲೇ ತನ್ನ ಟೆಂಪೊಗೆ ಹೊಂದಿಸಲು ಹಿಗ್ಗಿಸುವ ಆಟೋ ವಾರ್ಪ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಆಫ್ ಮಾಡದಿದ್ದರೆ ಆಲಾಪ ಹಾಳಾಗುತ್ತೆ. ಕ್ಯೂಬೇಸ್ ಒಳ್ಳೆಯದೇ, ದೊಡ್ಡ ಆವೃತ್ತಿಗೆ ನಿಮ್ಮ ಬಜೆಟ್ ಸಾಲಲ್ಲ.

ಎಂಸಿಸಿ_ಬೀಟ್ಸ್

ಎಫ್‌ಎಲ್ ಅನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿಗಳೂ ಜೀವನಪರ್ಯಂತ ಪುಕ್ಕಟೆ, ಅದು ಸಣ್ಣ ಮಾತಲ್ಲ. ಪಿಯಾನೋ ರೋಲ್ ಅನ್ನೋ ಪುಟದಲ್ಲಿ ಮಿಡಿ (ಕಂಪ್ಯೂಟರ್ ನುಡಿಸಬೇಕಾದ ಸ್ವರಗಳ ಪಟ್ಟಿ) ಬರೆಯೋಕೆ ಅದರಷ್ಟು ಸಲೀಸು ಬೇರೆ ಇಲ್ಲ. ಜಾನಪದ ಹಾಡಿಗೆ ಹೊಸ ಬೀಟ್ ಕಟ್ಟಬೇಕು, ಡೊಳ್ಳು ತಮಟೆ ಸ್ಯಾಂಪಲ್ ಜೋಡಿಸಬೇಕು ಅನ್ನುವವರಿಗೆ ಕಣ್ಣು ಮುಚ್ಚಿ ಎಫ್‌ಎಲ್ ಹೇಳ್ತೀನಿ.

ಆದರೆ ಎರಡು ವಿಷಯ ಗೊತ್ತಿರಲಿ. ಅತಿ ಕಡಿಮೆ ಬೆಲೆಯ ಫ್ರೂಟಿ ಎಡಿಷನ್‌ನಲ್ಲಿ ದನಿಯನ್ನು ನೇರ ಪ್ಲೇಲಿಸ್ಟ್‌ಗೆ ರೆಕಾರ್ಡ್ ಮಾಡಿ ಆಡಿಯೋ ಕ್ಲಿಪ್ ಆಗಿ ಇಟ್ಟುಕೊಳ್ಳಲು ಆಗಲ್ಲ. ಅದಕ್ಕೆ ಕನಿಷ್ಠ ಪ್ರೊಡ್ಯೂಸರ್ ಎಡಿಷನ್ ಬೇಕು. ಟ್ರಯಲ್ ಆವೃತ್ತಿಯಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತೆ, ಮರುದಿನ ತೆರೆಯಲು ಹೋದರೆ ತೆರೆಯಲ್ಲ, ಕೊಂಡ ಮೇಲಷ್ಟೇ ತೆರೆಯುತ್ತೆ. ಟ್ರಯಲ್‌ನಲ್ಲಿ ಮಾಡಿದ್ದನ್ನು ಅದೇ ದಿನ ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಹೊಳಲ್ಕೆರೆ_ಲಿನಕ್ಸ್

ಆಡಾಸಿಟಿ ಬಗ್ಗೆ ಯಾರೂ ಹೇಳಲಿಲ್ಲ. ಪುಕ್ಕಟೆ, ಮುಕ್ತ ತಂತ್ರಾಂಶ. 2022ರ 3.2ನೇ ಆವೃತ್ತಿಯಿಂದ ಎಫೆಕ್ಟ್‌ಗಳನ್ನು ಹಾಡು ಓಡುತ್ತಿರುವಾಗಲೇ ಹಾಕಿ, ಬೇಡ ಅನಿಸಿದರೆ ತೆಗೆಯಬಹುದು. ಅದಕ್ಕೂ ಮೊದಲು ಒಮ್ಮೆ ಎಫೆಕ್ಟ್ ಹಾಕಿದರೆ ಫೈಲ್ ಬದಲಾಗಿಬಿಡುತ್ತಿತ್ತು. ಒಂದೇ ದನಿ, ಪ್ರವಚನ, ಕಾವ್ಯವಾಚನಕ್ಕೆ ಧಾರಾಳವಾಗಿ ಸಾಕು. ಆದರೆ ಹತ್ತು ಟ್ರ್ಯಾಕ್ ಇಟ್ಟುಕೊಂಡು ಟೇಕ್ ಆರಿಸಿ ಜೋಡಿಸುವ ಕೆಲಸಕ್ಕೆ ಅದು ಹೇಳಿಮಾಡಿಸಿದ್ದಲ್ಲ. ಅದೂ ಅಲ್ಲದೆ ವಿಂಡೋಸ್‌ಗೆ ಸಿಗುವ ಸಿದ್ಧ ಆವೃತ್ತಿಯಲ್ಲಿ ಎಎಸ್‌ಐಒ ಡ್ರೈವರ್ (ದನಿ ಹೆಚ್ಚು ತಡವಿಲ್ಲದೆ ಒಳಗೆ ಹೊರಗೆ ಓಡಾಡಲು ಬೇಕಾದದ್ದು) ಬೆಂಬಲ ಬಹುಕಾಲ ಇರಲಿಲ್ಲ, ಲೈಸೆನ್ಸ್ ಕಾರಣಕ್ಕೆ. ಒಂದರ ಮೇಲೊಂದು ಟ್ರ್ಯಾಕ್ ಹಾಡಿಸುವಾಗ ಆ ಕೊರತೆ ಎದ್ದು ಕಾಣುತ್ತಿತ್ತು.

ಲಿನಕ್ಸ್ ಇರುವವರಿಗೆ ಆರ್ಡರ್ ಇದೆ, ರೀಪರ್ ಕೂಡ ಲಿನಕ್ಸ್‌ಗೆ ಸಿಗುತ್ತೆ. ಮ್ಯಾಕ್ ಇದ್ದವರು ಗ್ಯಾರೇಜ್‌ಬ್ಯಾಂಡ್‌ನಿಂದ ಶುರು ಮಾಡಿ, ಹಣ ಕೊಡಬೇಕಿಲ್ಲ.

ಯಾರಾದರೂ ಕ್ರ್ಯಾಕ್ ಕಾಪಿ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರೆ ತೊಗೋಬೇಡಿ. ಆ ಪ್ಯಾಚ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಿ ಅಂತಾರೆ. ಅಲ್ಲಿಂದಾಚೆ ಆ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕಿನ ಕೆಲಸ ಮಾಡುವ ಹಾಗಿಲ್ಲ.

ದುರ್ಗದ_ತಬಲಾ

ಕೇಕ್‌ವಾಕ್ ಹೆಸರು ಬರಲಿಲ್ಲ, ಒಂದು ಮಾತು ಸೇರಿಸ್ತೀನಿ. 2017ರ ಕೊನೆಗೆ ಗಿಬ್ಸನ್ ಕಂಪನಿ ಅದರ ಅಭಿವೃದ್ಧಿ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಪುಕ್ಕಟೆ ಕೊಟ್ಟಿತು, ಈಗ ಅದರ ಜಾಗಕ್ಕೆ ಕೇಕ್‌ವಾಕ್ ಸೋನಾರ್ ಬಂದಿದೆ. ವಿಂಡೋಸ್‌ನವರಿಗೆ ಗಟ್ಟಿ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಂಡ್‌ಲ್ಯಾಬ್ ಖಾತೆಗೆ ಲಾಗಿನ್ ಆಗಬೇಕು. ಹಳ್ಳಿ ಕಡೆ ಹೋಗಿ ರೆಕಾರ್ಡ್ ಮಾಡುವವರು ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ತೆರೆದು ನೋಡಿಕೊಂಡು ಹೋಗಿ.

ಈ ಕೈ ಬದಲಾದ ಕತೆಯಿಂದ ಕಲಿಯಬೇಕಾದ್ದು ಇದು: ಯಾವ ಸಾಫ್ಟ್‌ವೇರ್ ಆದರೂ ಸರಿ, ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡ್‌ನಿಂದ ಕೊನೆಯವರೆಗೆ 24 ಬಿಟ್ ವೇವ್ ಆಗಿ ಹೊರತೆಗೆದು ಇಡಿ. ಹತ್ತು ವರ್ಷದ ನಂತರ ಪ್ರಾಜೆಕ್ಟ್ ಫೈಲ್ ತೆರೆಯದೇ ಹೋಗಬಹುದು, ವೇವ್ ಫೈಲ್ ತೆರೆದೇ ತೆರೆಯುತ್ತೆ.

ವಿದ್ಯಾನಗರ_ಸ್ವರ

ಎಲ್ಲರಿಗೂ ಧನ್ಯವಾದ. ರೀಪರ್ ಹಾಕಿಕೊಂಡೆ. ಎರಡು ತೊಂದರೆ ಕಾಣುತ್ತಿವೆ. ಒಂದು, ಹಾಡುವಾಗ ಹೆಡ್‌ಫೋನ್‌ನಲ್ಲಿ ದನಿ ಎರಡೆರಡು ಸಲ ಕೇಳುತ್ತದೆ, ಡಬ್ಬದೊಳಗಿಂದ ಬಂದ ಹಾಗೆ. ಎರಡು, ನಿನ್ನೆ ತಂಬೂರಿಗೆ ಸರಿಯಾಗಿ ಹಾಡಿದ್ದನ್ನು ಇವತ್ತು ಕೇಳಿದರೆ ಶ್ರುತಿ ಏರಿದೆ, ಹಾಡೂ ಸ್ವಲ್ಪ ಓಡಿದಂತಿದೆ. ತಂಬೂರಿಯನ್ನು ಮುಟ್ಟಿಯೇ ಇಲ್ಲ.

ಕೌದಿ_ಸ್ಟುಡಿಯೋ

ಎರಡಕ್ಕೂ ಮದ್ದು ಇದೆ ಮೇಡಂ, ಗಾಬರಿ ಬೇಡ.

ಎರಡು ದನಿ ಯಾಕೆ ಅಂದರೆ, ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಸ್ವಿಚ್ ಆನ್ ಇದೆ, ರೀಪರ್‌ನ ಆ ಟ್ರ್ಯಾಕ್‌ನಲ್ಲೂ ರೆಕಾರ್ಡ್ ಮಾನಿಟರಿಂಗ್ ಆನ್ ಇದೆ. ಮೊದಲನೆಯದು ಕೂಡಲೇ ಕಿವಿಗೆ ಬರುತ್ತೆ, ಎರಡನೆಯದು ಕಂಪ್ಯೂಟರ್ ಸುತ್ತಿ ಕೆಲವು ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಎರಡೂ ಬೆರೆತಾಗ ಡಬ್ಬದ ದನಿ. ಯಾವುದಾದರೂ ಒಂದನ್ನು ಆಫ್ ಮಾಡಿ. ಹಾಡುವವರಿಗೆ ಡೈರೆಕ್ಟ್ ಮಾನಿಟರ್ ಉಳಿಸಿ, ಟ್ರ್ಯಾಕ್‌ನ ಮಾನಿಟರಿಂಗ್ ಆಫ್ ಮಾಡಿ, ಅದೇ ವಾಸಿ. ಆಮೇಲೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಂಡು) ಎಷ್ಟಿದ್ದರೂ ಹಾಡುವವರಿಗೆ ತೊಂದರೆ ಇಲ್ಲ. ದನಿಗೆ ಸ್ವಲ್ಪ ರಿವರ್ಬ್ ಹಾಕಿ ಕೇಳಬೇಕು ಅಂದರೆ ಮಾತ್ರ ಸಾಫ್ಟ್‌ವೇರ್ ಮೂಲಕ ಕೇಳಬೇಕಾಗುತ್ತೆ. ಆಗ ಬಫರ್ 128 ಸ್ಯಾಂಪಲ್‌ಗೆ ಇಳಿಸಿ. 48,000 ಹರ್ಟ್ಸ್‌ನಲ್ಲಿ 128 ಅಂದರೆ 2.7 ಮಿಲಿಸೆಕೆಂಡ್, ಒಳಬರುವಾಗ ಒಂದು ಸಲ, ಹೊರಹೋಗುವಾಗ ಒಂದು ಸಲ, ಅದರ ಮೇಲೆ ಇಂಟರ್‌ಫೇಸ್‌ನ ಸ್ವಂತ ತಡ ಚೂರು. 512 ಇಟ್ಟರೆ ಒಂದು ದಾರಿಗೇ 10.7. ಹಾಡುವವರು ಅಲ್ಲಿ ಎಡವುತ್ತಾರೆ. ರೆಕಾರ್ಡಿಂಗ್ ಮುಗಿದು ಮಿಕ್ಸ್‌ಗೆ ಕೂತಾಗ 1024ಕ್ಕೆ ಏರಿಸಿ, ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಎಫೆಕ್ಟ್) ಜಾಸ್ತಿ ಹಾಕಿದರೂ ಚಟಪಟ ಸದ್ದು ಬರಲ್ಲ.

ಇನ್ನು ಶ್ರುತಿ ಏರಿದ್ದು. ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತೆ ಅನ್ನೋ ದರ) 48,000ದಲ್ಲಿದೆ, ಆದರೆ ನಿನ್ನೆ ಡ್ರೈವರ್ ಓಡಿದ್ದು 44,100ರಲ್ಲಿ. ಬ್ರೌಸರ್‌ನಲ್ಲಿ ಬೇರೇನೋ ಹಾಡು ತೆರೆದಿದ್ದರೆ ಅದು ಇಂಟರ್‌ಫೇಸನ್ನು ತನ್ನ ದರಕ್ಕೆ ಹಿಡಿದುಕೊಂಡಿರಬಹುದು. ಸೆಕೆಂಡಿಗೆ 44,100 ಅಳತೆ ತೆಗೆದು, ಫೈಲ್ ಮೇಲೆ 48,000 ಅಂತ ಚೀಟಿ ಅಂಟಿಸಿದ ಹಾಗಾಯ್ತು. ಇವತ್ತು ದರ ಸರಿಹೋಗಿದೆ, ಅದಕ್ಕೇ ಫೈಲ್ ವೇಗವಾಗಿ ಓಡುತ್ತೆ. ಏರಿಕೆ ಸುಮಾರು ಒಂದೂವರೆ ಸ್ವರಸ್ಥಾನ. ಹಾರ್ಮೋನಿಯಂನ ಕಪ್ಪು 1ರಲ್ಲಿ ಹಾಡಿದ್ದು ಬಿಳಿ 2ಕ್ಕೂ ಕಪ್ಪು 2ಕ್ಕೂ ನಡುವೆ ನಿಂತಿರುತ್ತೆ, ಪರೀಕ್ಷಿಸಿ ನೋಡ್ರಿ.

ಮತ್ತೆ ಹಾಡಿಸಬೇಕಿಲ್ಲ. ಆ ಐಟಂ ಆರಿಸಿ ಎಫ್2 ಒತ್ತಿ. ಪ್ಲೇಬ್ಯಾಕ್ ರೇಟ್ ಜಾಗದಲ್ಲಿ 0.91875 ಬರೆಯಿರಿ, ಪಿಚ್ ಉಳಿಸುವ ಟಿಕ್ ತೆಗೆಯಿರಿ. 44,100ನ್ನು 48,000ದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಶ್ರುತಿ, ವೇಗ ಎರಡೂ ತಮ್ಮ ಜಾಗಕ್ಕೆ ಬರುತ್ತವೆ. ಮುಂದಕ್ಕೆ ಹೀಗಾಗದಿರಲು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಸ್ಯಾಂಪಲ್ ರೇಟ್ ಟಿಕ್ ಮಾಡಿ 48,000 ಹಾಕಿ, ವಿಂಡೋಸ್ ಸೌಂಡ್ ಸೆಟ್ಟಿಂಗ್‌ನಲ್ಲೂ ಅದನ್ನೇ ಇಡಿ, ರೆಕಾರ್ಡಿಂಗ್ ಹೊತ್ತಲ್ಲಿ ಬ್ರೌಸರ್ ಮುಚ್ಚಿ. ಇಂಟರ್‌ಫೇಸ್ ಕಂಪನಿಯ ಸ್ವಂತ ಎಎಸ್‌ಐಒ ಡ್ರೈವರ್ ಇದ್ದರೆ ಅದನ್ನೇ ಬಳಸಿ. ಎಎಸ್‌ಐಒ4ಆಲ್ ಅನ್ನೋದು ಸ್ವಂತ ಡ್ರೈವರ್ ಇಲ್ಲದ ಸಾಧನಗಳಿಗೆ ಮಾತ್ರ.

ಇದರ ಜೊತೆಗೇ ಇನ್ನೊಂದು ಸೆಟ್ಟಿಂಗ್, ವಚನ ಹಾಡುವವರು ಮೊದಲ ದಿನವೇ ಬದಲಿಸಬೇಕಾದ್ದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಬೇಸ್ ಅಂತ ಇರುತ್ತೆ. ಮಾಮೂಲಿಯಾಗಿ ಅದು ಬೀಟ್ಸ್ ಮೇಲೆ ಇರುತ್ತೆ. ಅಂದರೆ ನೀವು ಆಮೇಲೆ ಟೆಂಪೊವನ್ನು 72ರಿಂದ 76ಕ್ಕೆ ಬದಲಿಸಿದರೆ ರೆಕಾರ್ಡ್ ಆದ ದನಿಯೂ ಅದರ ಜೊತೆ ಕುಗ್ಗುತ್ತೆ. ಸಿನಿಮಾ ಹಾಡಿನ ಟ್ರ್ಯಾಕ್ ಕಟ್ಟುವವರಿಗೆ ಅದು ಅನುಕೂಲ, ನಿಮಗೆ ಅಪಾಯ. ಅದನ್ನು ಟೈಮ್ ಅಂತ ಮಾಡಿಕೊಳ್ಳಿ. ಇನ್ನು ಟೆಂಪೊ ಎಷ್ಟು ಬದಲಿಸಿದರೂ ದನಿ ಇದ್ದಲ್ಲೇ ಇರುತ್ತೆ.

ದುರ್ಗದ_ತಬಲಾ

ಕ್ಲಿಕ್ ಬಗ್ಗೆ ನನ್ನ ಮಾತು: ವಚನಕ್ಕೆ ಕ್ಲಿಕ್ ಹಾಕಲೇಬೇಡಿ. ಸಾಲಿನ ಕೊನೆಗೆ, ಅಂಕಿತನಾಮ ಬರುವಾಗ ಗಾಯಕರು ಸಹಜವಾಗಿ ನಿಧಾನಿಸುತ್ತಾರೆ. ಅಲ್ಲಿ ಯಂತ್ರ ಟಿಕ್ ಟಿಕ್ ಅಂತಿದ್ದರೆ ಭಾವ ಸತ್ತುಹೋಗುತ್ತೆ. ತಬಲಾದವರೇ ನಿಮ್ಮ ಕ್ಲಿಕ್.

ಎರಡೇ ಇನ್‌ಪುಟ್ ಇದೆ ಅಂದಿರಿ, ಅದರಲ್ಲೇ ಹೀಗೆ ಮಾಡಬಹುದು. ಮೊದಲು ತಂಬೂರಿ. ಅದಕ್ಕೆ ಲೈನ್ ಔಟ್ ಇದ್ದರೆ ಕೇಬಲ್ ಹಾಕಿ ನೇರ ರೆಕಾರ್ಡ್ ಮಾಡಿ, ಮೈಕ್ ಬೇಡ. ಹಾಡಿನ ಉದ್ದಕ್ಕಿಂತ ಒಂದು ನಿಮಿಷ ಹೆಚ್ಚಿಗೆ ಇರಲಿ. ಎರಡನೆಯ ಸುತ್ತು, ತಂಬೂರಿಯನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ಗಾಯಕಿ ಡೈನಮಿಕ್ ಮೈಕ್‌ನಲ್ಲಿ ಗೈಡ್ ಹಾಡಲಿ, ತಬಲಾ ಕಂಡೆನ್ಸರ್ ಮೈಕ್‌ನಲ್ಲಿ. ಇಬ್ಬರೂ ಒಟ್ಟಿಗೆ ಕೂತು ನುಡಿಸಿದಾಗ ಲಯದ ಏರಿಳಿತ ತಾನಾಗಿ ಬರುತ್ತೆ. ಈ ಗೈಡ್ ಕೆಡಿಸಬೇಡಿ, ಇಡೀ ಹಾಡಿನ ಬೆನ್ನುಮೂಳೆ ಅದು. ಆಮೇಲೆ ಅದರ ಮೇಲೆ ಹಾರ್ಮೋನಿಯಂ, ಪಕ್ಕಾ ತಬಲಾ, ಕೊನೆಗೆ ಮುಖ್ಯ ದನಿ, ಹಿಮ್ಮೇಳ, ತಾಳ. ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಇರಬೇಕು. ಅದನ್ನು ಆನ್ ಆಫ್ ಮಾಡುವಾಗ ಹೆಡ್‌ಫೋನ್ ವಾಲ್ಯೂಮ್ ಇಳಿಸಿ, ಠಪ್ ಅಂತ ಹೊಡೆಯುತ್ತೆ.

ತಬಲಾಕ್ಕೆ ಒಂದೇ ಮೈಕ್ ಆದರೆ ಬಲ (ಬಲಗೈಯ ತಬಲಾ) ಮತ್ತು ಡಗ್ಗಾ (ಎಡಗೈಯದು) ನಡುವೆ, 35 ಸೆಂಟಿಮೀಟರ್ ಮೇಲೆ, ಬಲದ ಕಡೆ ಸ್ವಲ್ಪ ವಾಲಿಸಿ. ತೀರಾ ಹತ್ತಿರ ತಂದರೆ ಡಗ್ಗಾದ ಗುಂಯ್ ಅನ್ನೋ ಮೀಂಡ್ ಎಲ್ಲವನ್ನೂ ನುಂಗುತ್ತೆ. ಮೀಟರ್‌ನಲ್ಲಿ ಅತಿ ಜೋರಿನ ಹೊಡೆತ ಮೈನಸ್ 10 ಡಿಬಿ ದಾಟದಂತೆ ಗೇನ್ ಇಡಿ. 24 ಬಿಟ್‌ನಲ್ಲಿ ಇಷ್ಟು ಜಾಗ ಬಿಟ್ಟರೆ ಏನೂ ನಷ್ಟವಿಲ್ಲ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಮಾತ್ರ ಯಾವ ಪ್ಲಗಿನ್ನೂ ಪೂರ್ತಿ ವಾಪಸ್ ತರಲ್ಲ.

ಒಂದು ಪರೀಕ್ಷೆ ಮಾಡಿಕೊಳ್ಳಿ. ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಒಂದು ಕೇಬಲ್. ಡೈರೆಕ್ಟ್ ಮಾನಿಟರ್ ಆಫ್, ಇಲ್ಲದಿದ್ದರೆ ಕೂಗು ಬರುತ್ತೆ. ಒಂದು ಟ್ರ್ಯಾಕ್‌ನಲ್ಲಿ ಚಿಟಿಕೆಯಂಥ ಸಣ್ಣ ಸದ್ದು ಇಟ್ಟು ನುಡಿಸಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡಿ. ದೊಡ್ಡದು ಮಾಡಿ ನೋಡಿದರೆ ಎರಡೂ ಒಂದೇ ಗೆರೆಯ ಮೇಲೆ ಇರಬೇಕು. ಎರಡನೆಯದು 96 ಸ್ಯಾಂಪಲ್ ಹಿಂದಿದ್ದರೆ 2 ಮಿಲಿಸೆಕೆಂಡ್ ತಡ ಅಂತ ಲೆಕ್ಕ. ರೀಪರ್ ಪ್ರಿಫರೆನ್ಸಸ್‌ನ ಆಡಿಯೋ, ರೆಕಾರ್ಡಿಂಗ್ ಪುಟದಲ್ಲಿ ಮ್ಯಾನುವಲ್ ಆಫ್‌ಸೆಟ್ ಜಾಗದಲ್ಲಿ ಅಷ್ಟನ್ನು ತುಂಬಿ. ಹಾಕಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಇದನ್ನು ಬಿಟ್ಟರೆ ಪ್ರತಿ ಸುತ್ತಿಗೂ ತಡ ಸೇರುತ್ತಾ ಹೋಗಿ, ಕೊನೆಗೆ ತಬಲಾದವರೇ ಲಯ ತಪ್ಪಿದರು ಅನ್ನುವಂತೆ ಕೇಳುತ್ತೆ, ತಪ್ಪು ಅವರದಲ್ಲದಿದ್ದರೂ.

ಹರಿಹರ_ಪೆಟ್ಟಿಗೆ

ಹಾರ್ಮೋನಿಯಂ ಕಡೆ ಒಂದು ಎಚ್ಚರಿಕೆ. ಪೆಟ್ಟಿಗೆಯ ರೀಡ್‌ಗಳನ್ನು ಅಲ್ಲೇ ಕೂತು ಸರಿಪಡಿಸಲಾಗಲ್ಲ, ಹಾಗಾಗಿ ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಟ್ಯೂನರ್ ಹಚ್ಚಿ ನೋಡಿ. 440 ಇರಬೇಕಾದ ಸ್ವರ 444 ತೋರಿಸಿದರೆ ಪೆಟ್ಟಿಗೆ ಸುಮಾರು 16 ಸೆಂಟ್ (ಒಂದು ಸ್ವರಸ್ಥಾನಕ್ಕೆ 100 ಸೆಂಟ್) ಮೇಲಿದೆ ಅಂತ ಅರ್ಥ. ತಂಬೂರಿಯ ಫೈನ್ ಟ್ಯೂನ್ ಗುಂಡಿಯಿಂದ ಅದನ್ನೂ ಅಷ್ಟೇ ಏರಿಸಿ, ತಬಲಾವನ್ನೂ ಅದಕ್ಕೇ ಕೂಡಿಸಿ. ಈ ಕೆಲಸ ರೆಕಾರ್ಡಿಂಗ್‌ಗೆ ಮೊದಲೇ ಆಗಬೇಕು.

ಮೈಕ್‌ ರೀಡ್ ಇರುವ ಮೇಲ್ಭಾಗದ ಕಡೆ ನೋಡಲಿ, 40 ಸೆಂಟಿಮೀಟರ್ ದೂರ. ತಿದಿ ಕಡೆ ತಿರುಗಿಸಿದರೆ ಗಾಳಿಯ ಬುಸ್ ಬುಸ್, ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಟಕ್ ಟಕ್ ಎರಡೂ ಬರುತ್ತವೆ. ನುಡಿಸುವವರ ಬಳೆ, ಉಂಗುರ ತೆಗೆಸಿ.

ಶ್ರುತಿ ತಿದ್ದುವ ಪ್ಲಗಿನ್ ಬಗ್ಗೆಯೂ ಹೇಳಲೇಬೇಕು. ವೇಗವಾಗಿ ತಿದ್ದುವಂತೆ ಇಟ್ಟು ಇಡೀ ಹಾಡಿಗೆ ಹಚ್ಚಿದರೆ ಗಮಕ ಮೆಟ್ಟಿಲು ಮೆಟ್ಟಿಲಾಗುತ್ತೆ, ಜಾರು ಅನ್ನೋದೇ ಉಳಿಯಲ್ಲ. ರೀಪರ್ ಜೊತೆ ಬರುವ ರೀಟ್ಯೂನ್‌ನಲ್ಲಿ ಕೈಯಾರೆ ತಿದ್ದುವ ಭಾಗ ಇದೆ. ಉದ್ದಕ್ಕೆ ನಿಂತ ಸ್ವರ ಜಾರಿದ್ದರೆ ಅದೊಂದನ್ನು ಮಾತ್ರ ಮುಟ್ಟಿ. ಅದಕ್ಕಿಂತ ಆ ಸಾಲನ್ನು ಮತ್ತೊಮ್ಮೆ ಹಾಡಿಸೋದು ಉತ್ತಮ.

ವಿದ್ಯಾನಗರ_ಸ್ವರ

0.91875 ಹಾಕಿದ ಕೂಡಲೇ ಶ್ರುತಿ ಕೂತಿತು, ಸರ್! ಇನ್ನೊಂದು ಪ್ರಶ್ನೆ. ನಾಲ್ಕು ಟೇಕ್ ಇವೆ. ಒಂದರ ಮೊದಲರ್ಧ ಚೆನ್ನ, ಇನ್ನೊಂದರ ಕೊನೆ ಚೆನ್ನ. ಜೋಡಿಸಿದರೆ ಕೂಡಿದ ಜಾಗ ಕಿವಿಗೆ ಹೊಡೆಯುತ್ತದೆ. ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದೂ ಇದೆ.

ಕೌದಿ_ಸ್ಟುಡಿಯೋ

ಎಲ್ಲಿ ಕತ್ತರಿಸುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಸ್ವರದ ನಡುವೆ ಕತ್ತರಿ ಹಾಕಬೇಡಿ. "ಕತ್ತಲೆ" ಅನ್ನೋ ಪದವನ್ನು ದೊಡ್ಡದು ಮಾಡಿ ನೋಡಿ. "ಕ" ಆದ ಮೇಲೆ "ತ್ತ" ಸಿಡಿಯುವ ಮುಂಚೆ ನಾಲಿಗೆ ಹಲ್ಲಿಗೆ ಒತ್ತಿ ನಿಂತಿರುತ್ತೆ, ಅಲ್ಲಿ ಅಲೆಯ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಮಲಗಿರುತ್ತೆ. ಅದೇ ನಿಮ್ಮ ಕತ್ತರಿಯ ಜಾಗ. ಕನ್ನಡದಲ್ಲಿ "ಅಪ್ಪ", "ಬೆಟ್ಟ", "ಚಿಕ್ಕ" ಥರದ ದ್ವಿತ್ವಗಳು ಬೇಕಾದಷ್ಟಿವೆ, ಪ್ರತಿಯೊಂದರ ಹೊಟ್ಟೆಯಲ್ಲೂ ಅಂಥ ಮೌನ ಇದೆ. "ಅಣ್ಣ", "ಅಮ್ಮ", "ಎಲ್ಲ" ಆಗಲ್ಲ, ಅಲ್ಲಿ ದನಿ ಮುಂದುವರಿಯುತ್ತಲೇ ಇರುತ್ತೆ. ಕತ್ತರಿಸಿದ ಮೇಲೆ ಎರಡೂ ತುಂಡು 5ರಿಂದ 10 ಮಿಲಿಸೆಕೆಂಡ್ ಒಂದರ ಮೇಲೊಂದು ಬರುವಂತೆ ಕ್ರಾಸ್‌ಫೇಡ್ ಕೊಡಿ. ಉಸಿರನ್ನು ಅಳಿಸಬೇಡಿ, ಸಾಲಿನ ಮುಂಚಿನ ಉಸಿರು ಆ ಸಾಲಿನ ಜೊತೆಗೇ ಹೋಗಲಿ. ಒಂದು ಟೇಕ್‌ನ ಉಸಿರು, ಇನ್ನೊಂದರ ಮೊದಲ ಅಕ್ಷರ ಸೇರಿದರೆ ಕೇಳುವವರಿಗೆ ಗೊತ್ತಾಗಿಬಿಡುತ್ತೆ.

ಟೇಕ್ ಆರಿಸಲು ರೀಪರ್ 7ರಿಂದ ಫಿಕ್ಸೆಡ್ ಲೇನ್ ಬಂದಿದೆ. ನಾಲ್ಕೂ ಟೇಕ್ ಒಂದರ ಕೆಳಗೊಂದು ಕಾಣುತ್ತವೆ, ಬೇಕಾದ ತುಂಡಿನ ಮೇಲೆ ಮೌಸ್ ಎಳೆದರೆ ಅದು ಮೇಲಿನ ಸಾಲಿಗೆ ಸೇರುತ್ತೆ.

ಗುಂಯ್ ಸದ್ದಿಗೆ ಮೊದಲು ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ನಿಂತರೆ ಅದು ಅರ್ತಿಂಗ್ ತೊಂದರೆ. 50 ಹರ್ಟ್ಸ್, ಅದರ ಮಡಿಗಳಾದ 100, 150ರಲ್ಲಿ ಗುಂಯ್ ಅನ್ನುತ್ತೆ. ಸರಿಯಾಗಿ ಅರ್ತ್ ಇರುವ ಮೂರು ಪಿನ್ನಿನ ಒಂದೇ ಬೋರ್ಡ್‌ಗೆ ಎಲ್ಲವನ್ನೂ ಹಾಕಿ, ಇಲ್ಲವೇ ಟೇಕ್ ಮುಗಿಯುವವರೆಗೆ ಬ್ಯಾಟರಿಯಲ್ಲೇ ಓಡಿಸಿ. ಕರೆಂಟ್ ಹೋದರೂ ರೆಕಾರ್ಡಿಂಗ್ ನಿಲ್ಲಲ್ಲ. ಚಾರ್ಜರ್ ಕಿತ್ತರೂ ನಿಲ್ಲದಿದ್ದರೆ ಅದು ಸೀಲಿಂಗ್ ಫ್ಯಾನ್ ಅಥವಾ ಲ್ಯಾಪ್‌ಟಾಪ್ ಫ್ಯಾನ್. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿ ಮಧ್ಯಾಹ್ನ ಹಾಡಿಸೋದು ಹಿಂಸೆ, ಬೆಳಗ್ಗೆ ಐದಕ್ಕೆ ಶುರು ಮಾಡಿ. ರೈಲ್ವೆ ಲೈನ್ ಹತ್ತಿರದ ಮನೆಯಾದರೆ ಗಾಡಿಯ ಗುಡುಗುಡು ಕೆಳಗಿನ ಆವರ್ತನದಲ್ಲಿ ಸೇರುತ್ತೆ. ದನಿಗೆ ರೀಪರ್‌ನ ರೀಇಕ್ಯೂ ಪ್ಲಗಿನ್‌ನಲ್ಲಿ 80 ಹರ್ಟ್ಸ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್) ಹಾಕಿದರೆ ಬಹುಪಾಲು ಹೋಗುತ್ತೆ.

ಕೋಣೆ ಮೊಳಗದಿರಲು ಮನೆಯಲ್ಲಿರುವ ಎರಡು ದಪ್ಪ ಕೌದಿ ಸಾಕು. ಗಾಯಕಿಯ ಬೆನ್ನ ಹಿಂದೆ ತೂಗುಹಾಕಿ. ಬಹಳ ಜನ ಮೈಕ್ ಹಿಂದೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ ಮೈಕ್ ಕೇಳೋದು ಮುಂದಿನದನ್ನು, ಅಂದರೆ ಗಾಯಕಿಯನ್ನೂ ಅವರ ಹಿಂದಿನ ಗೋಡೆಯನ್ನೂ.

ಎಂಸಿಸಿ_ಬೀಟ್ಸ್

ಬೆಂಗಳೂರಿಗೆ ಯಾರ ಹತ್ತಿರವಾದರೂ ಮಿಕ್ಸ್‌ಗೆ ಕಳಿಸುವುದಿದ್ದರೆ: ರೀಪರ್‌ನ ಆರ್‌ಪಿಪಿ ಫೈಲ್ ಬರೀ ಪಠ್ಯ, ಅದರೊಳಗೆ ದನಿ ಇರಲ್ಲ. ಅದೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಅಲ್ಲಿ ಎಲ್ಲ ಟ್ರ್ಯಾಕ್ ಖಾಲಿ. ಸೇವ್ ಆ್ಯಸ್ ಮಾಡುವಾಗ ಕೆಳಗಿರುವ ಎರಡು ಟಿಕ್ ಹಾಕಿ: ಪ್ರಾಜೆಕ್ಟ್‌ಗೆ ಬೇರೆ ಫೋಲ್ಡರ್ ಮಾಡು, ಎಲ್ಲ ಮೀಡಿಯಾವನ್ನು ಅದರೊಳಗೆ ನಕಲು ಮಾಡು. ಆ ಇಡೀ ಫೋಲ್ಡರ್ ಕೊಡಬೇಕು. ಫೋಲ್ಡರ್, ಟ್ರ್ಯಾಕ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕನ್ನಡ ಲಿಪಿಯ ಹೆಸರಿದ್ದರೆ ಕೆಲವು ಹಳೇ ಪ್ಲಗಿನ್‌ಗಳು ಫೈಲ್ ಹುಡುಕಲಾಗದೆ ನಿಲ್ಲುತ್ತವೆ.

ಜಾಗದ ಲೆಕ್ಕ: 24 ಬಿಟ್, 48,000, ಮೊನೊ ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ. ಆರು ನಿಮಿಷದ ವಚನ, 8 ಟ್ರ್ಯಾಕ್ ಅಂದರೆ 415 ಎಂಬಿ. ಟೇಕ್‌ಗಳು ಸೇರಿ ಒಂದೊಂದಕ್ಕೆ ಒಂದೂವರೆ ಜಿಬಿ ಇಟ್ಟುಕೊಳ್ಳಿ, ಹತ್ತಕ್ಕೆ 15. ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ ನಕಲು ಇರಲಿ.

ವಿದ್ಯಾನಗರ_ಸ್ವರ

ಹಿಮ್ಮೇಳದ ಇಬ್ಬರಿಗೂ ಬೇರೆ ಬೇರೆ ಮೈಕ್ ಬೇಕಾ?

ಹರಿಹರ_ಪೆಟ್ಟಿಗೆ

ಬೇಡ ಅಕ್ಕಾ. ಒಂದೇ ಕಂಡೆನ್ಸರ್ ಮುಂದೆ ಇಬ್ಬರೂ 50 ಸೆಂಟಿಮೀಟರ್ ದೂರದಲ್ಲಿ, ಭುಜಕ್ಕೆ ಭುಜ ತಾಗಿ ನಿಲ್ಲಲಿ. ಜೋರು ದನಿಯವರು ಅರ್ಧ ಹೆಜ್ಜೆ ಹಿಂದೆ. ಅದೇ ಸಾಲನ್ನು ಎರಡು ಸಲ ಹಾಡಿಸಿ. ಎರಡನೇ ಸಲ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಲಿ. ಒಂದು ಟೇಕನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿದರೆ ನಾಲ್ಕು ಜನ ಕೂತು ಹಾಡಿದ ಹಾಗಿರುತ್ತೆ. ಒಂದು ಟೇಕನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ಹಾಗಾಗಲ್ಲ, ನಡುವೆ ಜೋರಾಗಿ ಕೇಳುತ್ತೆ ಅಷ್ಟೇ. ಮುಖ್ಯ ಗಾಯಕಿಯ ಪಕ್ಕಾ ಟೇಕ್ ಆರಿಸಿ ಮುಗಿದ ಮೇಲೆಯೇ ಹಿಮ್ಮೇಳ ಹಾಡಿಸಿ, ಇಲ್ಲದಿದ್ದರೆ ಸಾಲಿನ ಕೊನೆ ಹಿಡಿದು ನಿಲ್ಲುವ ಉದ್ದ ಒಂದಕ್ಕೊಂದು ಕೂಡಲ್ಲ.